ಮಣ್ಣಿನ ಸೆಲ್ಯೂಟ್

ಎರಡು ಪಟ್ಟಿ ಕೂತಿದ್ದವು. ಮೂರನೆಯದರ ತುದಿಯನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದು, ಪೂರ್ಣಿಮಾ ಮಷಿನ್ನಿನ ಚಕ್ರವನ್ನು ಕೈಯಿಂದಲೇ ನಿಧಾನವಾಗಿ ತಿರುಗಿಸುತ್ತಿದ್ದಳು. ಯೂನಿಫಾರ್ಮಿನ ತೋಳಪಟ್ಟಿಗಳನ್ನು ಅವಳು ಯಾವತ್ತೂ ಮೋಟಾರಿಗೆ ಬಿಟ್ಟವಳಲ್ಲ. ಒಂದು ನೂಲಿನಷ್ಟು ಓರೆಯಾದರೂ ಪರೇಡಿನಲ್ಲಿ ನಿಂತವನು ಎಲ್ಲರೆದುರು ಬೈಸಿಕೊಳ್ಳಬೇಕಾಗುತ್ತದೆ.

ಬೆಳಗಾವಿ ಕ್ಯಾಂಪಿನ ಈ ಹೊಲಿಗೆ ಅಂಗಡಿಯಲ್ಲಿ ಬಟ್ಟೆಗೆ ಎರಡೇ ರಾಶಿ. ಎಡಕ್ಕೆ ಹಸಿರು, ಬಲಕ್ಕೆ ನೀಲಿ. ಹಸಿರು ಆರ್ಮಿಯದು, ಹತ್ತಿರದ ರೆಜಿಮೆಂಟಿನಿಂದ ಬೆವರು, ಬೂಟ್ ಪಾಲಿಶ್, ಕೆಂಪು ಮಣ್ಣಿನ ವಾಸನೆಯೊಂದಿಗೆ ಬರುತ್ತದೆ. ನೀಲಿ ಏರ್‌ಫೋರ್ಸಿನದು, ಸಾಂಬ್ರಾದಿಂದ ಒಗೆದು ಮಡಚಿ ಪ್ಲಾಸ್ಟಿಕ್ ಚೀಲದಲ್ಲಿ ಬರುತ್ತದೆ. ಆರ್ಮಿಯ ಹವಾಲ್ದಾರನಿಗೂ ತೋಳಿಗೆ ಮೂರು ಪಟ್ಟಿ, ಏರ್‌ಫೋರ್ಸಿನ ಸಾರ್ಜೆಂಟನಿಗೂ ಮೂರೇ. ಬಣ್ಣ ಮಾತ್ರ ಬೇರೆ. ಆ ಎರಡು ರಾಶಿಗಳ ನಡುವೆ ಕೂತು ಪೂರ್ಣಿಮಾಳಿಗೆ ಕೆಲವು ವರ್ಷಗಳಾಗಿದ್ದವು.

ಫೋನು ಬಂದಾಗ ಅವಳು ಸೂಜಿ ಎತ್ತಲಿಲ್ಲ. ಭುಜಕ್ಕೂ ಕಿವಿಗೂ ನಡುವೆ ಫೋನು ಸಿಕ್ಕಿಸಿಕೊಂಡು ಚಕ್ರ ತಿರುಗಿಸುತ್ತಲೇ ಕೇಳಿದಳು. ಖಾನಾಪುರದ ಮೂರ್ತಿಕಾರ ಕಲ್ಲಯ್ಯ.

"ಅಕ್ಕಾರ, ಮಣ್ಣಿನ ಕೆಲಸ ಮುಗದೈತ್ರಿ. ನೀವು ಬಂದು ನೋಡಿ ಹೂಂ ಅಂದ್ರ ಅಚ್ಚು ತಗೀತೇನಿ. ಅಚ್ಚಿಗೆ ಹ್ವಾದ ಮ್ಯಾಲ ತಿದ್ದಾಕ ಬರೂದಿಲ್ಲ ನೋಡ್ರಿ."

ನಾಳೆ ಅತ್ತೆಯನ್ನು ಕರೆದುಕೊಂಡು ಬರುತ್ತೇನೆ ಎಂದು ಹೇಳಿ ಅವಳು ಫೋನಿಟ್ಟಳು. ಆಮೇಲೆ ನೋಡಿದರೆ ಮೂರನೆಯ ಪಟ್ಟಿ ಓರೆಯಾಗಿತ್ತು. ಬ್ಲೇಡು ತೆಗೆದುಕೊಂಡು ಹೊಲಿಗೆ ಬಿಚ್ಚತೊಡಗಿದಳು.

ಮೂರ್ತಿ ಅವಳ ಗಂಡ ಓಂಕಾರನದು. ಆರ್ಮಿಯಲ್ಲಿ ಹವಾಲ್ದಾರನಾಗಿದ್ದವನು. ಉತ್ತರ ಸಿಕ್ಕಿಮ್ಮಿನ ಒಂದು ತಿರುವಿನಲ್ಲಿ ಹಿಮ ಜರಿದು ಅವರ ಟ್ರಕ್ಕಿನ ಮೇಲೆ ಬಿದ್ದಾಗ ಹೋಗಿಬಿಟ್ಟ. ಖಾನಾಪುರ ತಾಲೂಕಿನ ಬೀಡಿ ಕಡೆ ಇರುವ ಅವನ ಊರಿನವರು ಈಗ ಶಾಲೆಯ ಮುಂದೆ ಅವನ ಪ್ರತಿಮೆ ನಿಲ್ಲಿಸುತ್ತಿದ್ದರು. ಮೈದುನ ಗೌರೀಶನೇ ಮುಂದೆ ನಿಂತು ಓಡಾಡುತ್ತಿದ್ದ. ಗಣರಾಜ್ಯ ದಿನದಂದು ಅನಾವರಣ. ವೇದಿಕೆಯ ನಡುವಿನ ಕುರ್ಚಿ 'ವೀರನಾರಿ ಪೂರ್ಣಿಮಾ'ಳಿಗೆ ಎಂದು ಅವನು ಆಗಲೇ ಊರೆಲ್ಲ ಹೇಳಿಬಿಟ್ಟಿದ್ದ. ಈ ವರ್ಷ ಮಾತ್ರವಲ್ಲ, ಪ್ರತಿ ವರ್ಷ ಮಾಲೆ ಹಾಕಲು ವೈನಿಯೇ ಬರಬೇಕು ಎಂದೂ ಹೇಳಿದ್ದ.

ವೀರನಾರಿ. ಆ ಮಾತು ಬೇರೆ ಯಾರದೋ ಅಳತೆಗೆ ಹೊಲಿದ ಅಂಗಿಯಂತೆ. ಅವಳ ಹೆಗಲ ಮೇಲೆ ಎಂದೂ ಸರಿಯಾಗಿ ಕೂತದ್ದಿಲ್ಲ. ಆದರೆ ತೆಗೆದಿಡಲು ಯಾರೂ ಜಾಗ ತೋರಿಸಿದ್ದಿಲ್ಲ.

*

ಅಜಿತಕುಮಾರ ಮೊದಲ ಸಲ ಅಂಗಡಿಗೆ ಬಂದದ್ದು ಅಂಗಿಯೊಂದನ್ನು ತೋಳಿನ ಮೇಲೆ ಹಾಕಿಕೊಂಡು. ಆಗ ಅವನು ಸಾಂಬ್ರಾದಲ್ಲಿ ಹೊಸ ಹುಡುಗರಿಗೆ ಡ್ರಿಲ್ ಕಲಿಸುವ ಸಾರ್ಜೆಂಟ್. ಅಂಗಿಯನ್ನು ಅವಳ ಮುಂದೆ ಹರಡಿ, ತೋಳಿನ ಕಡೆ ಬೆರಳು ಮಾಡಿದ.

"ನೀವು ನನ್ನ ಆರ್ಮಿಗೆ ಟ್ರಾನ್ಸ್‌ಫರ್ ಮಾಡೀರಲ್ರಿ ಮೇಡಂ."

ನೋಡಿದಳು. ನೀಲಿ ತೋಳಿನ ಮೇಲೆ ಹಸಿರು ಪಟ್ಟಿ. ಸಾರ್ಜೆಂಟನ ಅಂಗಿಗೆ ಹವಾಲ್ದಾರನ ಪಟ್ಟಿಗಳನ್ನು ಅಷ್ಟು ಅಚ್ಚುಕಟ್ಟಾಗಿ ಹೊಲಿದಿದ್ದಳು. ಅದು ಓಂಕಾರನ ವರ್ಷದ ತಿಥಿಯ ಮರುದಿನ ಹೊಲಿದ ಅಂಗಿ. ಕೈ ತಾನಾಗಿಯೇ ಹಸಿರು ಪಟ್ಟಿಗಳ ಡಬ್ಬಿಗೆ ಹೋಗಿತ್ತು.

ಅವಳ ಮುಖದಲ್ಲಿ ಏನು ಕಂಡನೋ, ಅಜಿತಕುಮಾರ ಮಾಲೀಕರನ್ನು ಕರೆಯಲಿಲ್ಲ. ಬೆಂಚಿನ ಮೇಲೆ ಕೂತು ಬ್ಲೇಡು ಇಸಿದುಕೊಂಡು ಪಟ್ಟಿಗಳನ್ನು ತಾನೇ ಬಿಚ್ಚಿದ. ಒಂದು ದಾರವೂ ಬಟ್ಟೆಗೆ ಗಾಯ ಮಾಡದಂತೆ ಬಿಚ್ಚಿ, ಮೂರನ್ನೂ ಮಡಚಿ ಅವಳ ಮುಂದಿಟ್ಟ.

"ಇಷ್ಟು ಲಗೂನ ಬಡ್ತಿ ಕಳಕೊಂಡಾವ ನಾನೊಬ್ಬನ ಇರಬೇಕು," ಎಂದ.

ಆ ವರ್ಷ ಅವಳು ನಕ್ಕದ್ದು ಅದೇ ಮೊದಲು. ನಕ್ಕ ಮೇಲೆ ಅಂಗಡಿಯಾಚೆ ಹೋಗಿ ನೀರು ಕುಡಿದು ಬಂದಿದ್ದಳು. ನಗು ಅಷ್ಟು ಅಪರಿಚಿತವಾಗಿತ್ತು.

ಆಮೇಲೆ ಅವನ ಅಂಗಿಗಳ ಗುಂಡಿಗಳು ಕಿತ್ತುಬರತೊಡಗಿದವು. ಒಂದು ವಾರ ಜೇಬಿನದು, ಮತ್ತೊಂದು ವಾರ ತೋಳಿನದು. ಏರ್‌ಫೋರ್ಸಿನ ಗುಂಡಿಗಳಿಗೆ ಏನಾಗಿದೆ ಎಂದು ಅವಳು ತಲೆ ಎತ್ತದೆ ಕೇಳಿದಾಗ, ನಮ್ಮ ಕಡೆ ಗಾಳಿ ಜಾಸ್ತಿ ಎಂದು ಅವನೂ ಗಂಭೀರವಾಗಿಯೇ ಉತ್ತರಿಸಿದ್ದ. ತಲೆ ಎತ್ತದೆ ಮಾತಾಡುವುದು ಅವಳ ಅಭ್ಯಾಸ. ಅವಳು ಎತ್ತುವ ತನಕ ಕಾಯುವುದು ಅವನ ಅಭ್ಯಾಸವಾಯಿತು. ಕೊನೆಗೊಮ್ಮೆ ನೋಟ ಮೇಲೇರಿದಾಗ ಅವನ ಕಣ್ಣಿನ ತುದಿಗಳಲ್ಲಿ ಸಣ್ಣ ಗೆರೆಗಳು ಮೂಡುತ್ತಿದ್ದವು, ಬಿಸಿಲಿಗೆ ನಿಂತವನಿಗೆ ಮೂಡುವಂತೆ. ಅವಳು ಬೇಗನೆ ಗುಂಡಿಯ ಡಬ್ಬಿಗೆ ಮರಳುತ್ತಿದ್ದಳು.

ಜಗಳ ಮಾಡಲು ಅವರಿಗೆ ಒಂದೇ ವಿಷಯ. ಆರ್ಮಿಯೋ ಏರ್‌ಫೋರ್ಸೋ. ನಿಮ್ಮವರಿಗೆ ಮಲಗಲು ಹಾಸಿಗೆ, ಮೇಲೆ ಫ್ಯಾನು, ಊಟಕ್ಕೆ ಮೇಜು ಎಂದು ಅವಳು ಚುಚ್ಚುತ್ತಿದ್ದಳು. ನಿಮ್ಮವರು ನಕ್ಷೆ ನೋಡಿ ಹೊರಟು ಪಕ್ಕದ ಜಿಲ್ಲೆ ತಲುಪುತ್ತಾರೆ ಎಂದು ಅವನು. ಇಪ್ಪತ್ತು ವರ್ಷ ಏರ್‌ಫೋರ್ಸಿನಲ್ಲಿದ್ದು ತಾನು ಒಮ್ಮೆಯೂ ವಿಮಾನ ಹತ್ತಿಲ್ಲವೆಂದೂ, ನೆಲದ ಮೇಲೆ ಎಡ ಬಲ ಎನ್ನುತ್ತಲೇ ಕಾಲ ಕಳೆಯಿತೆಂದೂ ಅವನೇ ಒಪ್ಪಿಕೊಂಡಾಗ ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು. ತನ್ನ ಚುಚ್ಚುಮಾತುಗಳೆಲ್ಲ ಓಂಕಾರನವು ಎಂಬುದು ಅವಳಿಗೆ ಎಷ್ಟೋ ದಿನ ಹೊಳೆದೇ ಇರಲಿಲ್ಲ. ಅವರಿಬ್ಬರ ನಡುವಿನ ಬೆಂಚಿನ ಮೇಲೆ ಅವಳು ಗಂಡನನ್ನೂ ಕೂರಿಸಿಕೊಂಡಿದ್ದಳು.

ಅಜಿತಕುಮಾರ ಜೈನರವನು, ಬೆಳಗಾವಿಯವನೇ. ಅವನ ಹೆಂಡತಿ ಮದುವೆಯಾದ ಹೊಸತರಲ್ಲೇ ಸಾಂಗಲಿಯ ತವರಿಗೆ ಹೋದವಳು ಮರಳಲಿಲ್ಲ. ಮುಂದೆ ಕೋರ್ಟಿನಲ್ಲಿ ವಿಚ್ಛೇದನವಾಗಿತ್ತು. ಅದನ್ನವನು ಯಾರದೋ ವರ್ಗಾವಣೆಯ ಸುದ್ದಿಯಂತೆ ಹೇಳಿ ಮುಗಿಸಿದ್ದ. ನಿವೃತ್ತನಾದ ಮೇಲೆ ಪೀರನವಾಡಿಯಲ್ಲಿ ಸೈನ್ಯದ ಭರ್ತಿಗೆ ಹುಡುಗರನ್ನು ತಯಾರು ಮಾಡುವ ಒಂದು ಅಕಾಡೆಮಿ ಸೇರಿದ. ಗುಂಡಿ ಕೀಳುವ ಯೂನಿಫಾರ್ಮು ಈಗ ಇರಲಿಲ್ಲ. ಆದರೂ ಬರುತ್ತಿದ್ದ. ಅತ್ತೆ ಕಾಶವ್ವನ ಕಣ್ಣಿನ ಪೊರೆ ತೋರಿಸಲು ಆಸ್ಪತ್ರೆಗೆ ಹೋಗುವಾಗ ಹಿಂಡಲಗಾದ ಅವರ ಬಾಡಿಗೆ ಮನೆಯ ಮುಂದೆ ಬಂದು ನಿಂತದ್ದು ಅವನ ಸ್ಕೂಟರಲ್ಲ, ಯಾರದೋ ಕೇಳಿ ತಂದ ಕಾರು. ಮುದುಕಿ ಅವನನ್ನು ಮಾಸ್ತರ ಎಂದು ಕರೆಯುತ್ತಿದ್ದಳು.

*

ಮೂರ್ತಿಗೆ ಮಾದರಿಯಾಗಿ ಅಜಿತಕುಮಾರನನ್ನು ನಿಲ್ಲಿಸೋಣ ಎಂದದ್ದು ಪೂರ್ಣಿಮಾಳೇ.

ಕಲ್ಲಯ್ಯನ ಬಳಿ ಇದ್ದದ್ದು ಓಂಕಾರನ ಎದೆಮಟ್ಟದ ಫೋಟೊ ಮಾತ್ರ. ಮುಖಕ್ಕೆ ಅದು ಸಾಕು, ಆದರೆ ಯೂನಿಫಾರ್ಮು ಮೈಮೇಲೆ ಹೇಗೆ ಇಳಿಯುತ್ತದೆ, ಸೆಲ್ಯೂಟ್ ಹೊಡೆದಾಗ ಹೆಗಲು ಹೇಗೆ ಏರುತ್ತದೆ ಎಂದು ನೋಡಲು ಅದೇ ಎತ್ತರದ ಒಬ್ಬರು ಬೇಕು ಎಂದಿದ್ದ. ಗೌರೀಶ ಗಿಡ್ಡ, ಮೇಲಾಗಿ ಹೊಟ್ಟೆ. ಅಜಿತಕುಮಾರನ ಎತ್ತರ ಓಂಕಾರನದೇ. ಸೈನ್ಯದವನಂತೆ ನಿಲ್ಲಲೂ ಬರುತ್ತದೆ. ಅವಳಿಗೆ ಅಷ್ಟೇ ಕಂಡಿತ್ತು. ಕೇಳಿದಾಗ ಅವನು ಬೇರೆ ಫೋರ್ಸಿನ ಬಟ್ಟೆ ನಾವು ಹಾಕುವುದಿಲ್ಲ ಎಂದು ಮಾತ್ರ ಹೇಳಿ, ಆಮೇಲೆ ಅವಳನ್ನು ನೋಡಿ, ಆಗಲಿ ಎಂದ.

ಟ್ರಂಕಿನಿಂದ ತೆಗೆದ ಯೂನಿಫಾರ್ಮನ್ನು ಅವನ ಮೈಗೆ ಹೊಂದಿಸಬೇಕಿತ್ತು. ಮಧ್ಯಾಹ್ನ ಅಂಗಡಿಯಲ್ಲಿ ಯಾರೂ ಇರಲಿಲ್ಲ. ಅವನನ್ನು ಕನ್ನಡಿಯ ಮುಂದೆ ನಿಲ್ಲಿಸಿ ಟೇಪು ಹಿಡಿದಾಗ ಅವಳ ಬೆರಳುಗಳಿಗೆ ಗಲಿಬಿಲಿಯಾಯಿತು. ಓಂಕಾರನ ಅಳತೆ ಬಾಯಿಪಾಠವಿದ್ದ ಬೆರಳುಗಳು. ಈ ಹೆಗಲು ತುಸು ಇಳಿಜಾರು, ಈ ತೋಳು ಅರ್ಧ ಬೆರಳು ಉದ್ದ. ಕಾಲರಿನ ಹಿಂದೆ ಕತ್ತರಿಸಿದ ಕೂದಲಿನಲ್ಲಿ ನೆರೆ ಮಿನುಗುತ್ತಿತ್ತು. ಸೋಪಿನ ವಾಸನೆಯೂ ಬೇರೆ. ಟೇಪನ್ನು ಎದೆಯ ಸುತ್ತ ತಂದಳು.

"ಉಸಿರು ಬಿಡ್ರಿ. ಎದಿ ಅಳತಿ ತಗೋಬೇಕು."

"ನಾ ಬಿಟ್ಟೇನ್ರಿ. ಹಿಡಕೊಂಡಾವ್ರು ನೀವು."

ಖರೆಯೇ. ಅವಳು ಉಸಿರು ಬಿಟ್ಟಳು. ಕನ್ನಡಿಯಲ್ಲಿ ಅವನು ನೋಡುತ್ತಿರಲಿಲ್ಲ, ಕಣ್ಣು ಕೆಳಗಿಳಿಸಿ ನಿಂತಿದ್ದ. ಅವನು ನೋಡದೆ ಇರುವುದು ನೋಡುವುದಕ್ಕಿಂತ ಹೆಚ್ಚು ಬಿಸಿಯಾಗಿತ್ತು. ಟೇಪಿನ ಎರಡು ತುದಿಗಳು ಅವಳ ಮುಷ್ಟಿಯಲ್ಲಿ ಕೂಡಿದ್ದವು. ಅಂಕಿ ಎಷ್ಟೆಂದು ನೋಡಿದಳು, ಮರೆತಳು, ಮತ್ತೆ ನೋಡಿದಳು.

ಖಾನಾಪುರಕ್ಕೆ ಅವನ ಜೊತೆ ಹೋದ ದಿನ ಅವಳು ಕಲ್ಲಯ್ಯನ ಶೆಡ್ಡಿನ ಒಳಗೆ ಹೋಗಲಿಲ್ಲ. ಹೊರಗೆ ಹಂಚಿನ ರಾಶಿಯ ಮೇಲೆ ಕೂತಿದ್ದಳು. ಕೆಲಸ ಮುಗಿದು ಅವನು ಹಾಗೆಯೇ, ಓಂಕಾರನ ಯೂನಿಫಾರ್ಮಿನಲ್ಲೇ ಬಾಗಿಲಿಗೆ ಬಂದ. ಒಳಗಿನ ಕತ್ತಲೆಯಲ್ಲಿ ಮುಖ ಕಾಣಲಿಲ್ಲ, ಬಟ್ಟೆ ಮಾತ್ರ ಕಂಡಿತು. ಅವಳು ಎದ್ದು ನಿಂತುಬಿಟ್ಟಳು. ಬಾಯಿಂದ ಹೆಸರು ಹೊರಡಲಿಲ್ಲ. ಹೊರಟಿದ್ದರೆ ಯಾರ ಹೆಸರು ಹೊರಡುತ್ತಿತ್ತೋ ಅವಳಿಗೇ ಗೊತ್ತಿರಲಿಲ್ಲ. ಅವನು ಅದನ್ನು ಕಂಡ. ಒಳಗೆ ಹೋಗಿ ತನ್ನ ಬಟ್ಟೆ ಹಾಕಿಕೊಂಡು ಬಂದ.

ಕೆಲವು ದಿನ ಬಿಟ್ಟು ಬಂದ. ಅಂಗಡಿ ಬಿಡುವ ಹೊತ್ತಿಗೆ ಕ್ಯಾಂಪಿನ ದೊಡ್ಡ ಮರಗಳ ಕೆಳಗಿನ ಚಹಾ ಗಾಡಿಯ ಬಳಿ ನಿಂತಿದ್ದ. ಡಿಸೆಂಬರಿನ ಮಂಜು ಆಗಲೇ ಇಳಿಯುತ್ತಿತ್ತು. ರಸ್ತೆಯಾಚೆಯ ಸಿಪಾಯಿಗಳು ಮಸುಕಾಗಿ ಸಾಲು ಸಾಲಾಗಿ ಹೋಗುತ್ತಿದ್ದರು. ಅವನು ಇವತ್ತು ಮೇಡಂ ಎನ್ನಲಿಲ್ಲ.

"ಪೂರ್ಣಿಮಾ, ನಾವಿಬ್ಬರೂ ಮದಿವಿ ಆಗೂಣೇನು?"

ಅವಳ ಕೈಯ ಲೋಟದಲ್ಲಿ ಚಹಾ ತಣ್ಣಗಾಗುತ್ತಿತ್ತು. ಈ ಮಾತಿಗಾಗಿ ತಾನು ಎಷ್ಟು ದಿನದಿಂದ ಕಾದಿದ್ದೆ ಎಂಬುದು ಅದು ಬಂದಾಗಲೇ ಅವಳಿಗೆ ತಿಳಿದದ್ದು. ಆದರೆ ಬಾಯಿಂದ ಬಂದದ್ದು ಬೇರೆ.

"ಊರಾಗ ಮೂರ್ತಿ ನಿಂದ್ರಾಕ ಹತ್ತೇತಿ. ಓಂಕಾರ ಇದ್ದಿದ್ರ..."

"ನೋಡ್ರಿ, ಈಗೂ ಅವರನ್ನ ಕರದ್ರಿ." ಅವನ ದನಿಯಲ್ಲಿ ಸಿಟ್ಟಿರಲಿಲ್ಲ. "ಆರ್ಮಿ ದೊಡ್ಡದೋ ಏರ್‌ಫೋರ್ಸ್ ದೊಡ್ಡದೋ ಅಂತ ನಾವು ನಕ್ಕೊಂತ ಜಗಳಾಡತೇವಿ. ಖರೇ ಜಗಳ ಅದಲ್ಲ. ದಿನಾ ನನ್ನ ಅವರ ಬಾಜು ನಿಂದ್ರಿಸಿ ಅಳತಿ ತಗೋತೀರಿ. ಅವರು ಬರ್ಫಿನಾಗ ಹ್ವಾದ್ರು. ನಾನು ಸಾಂಬ್ರಾದಾಗ ಹುಡುಗರಿಗೆ ಲೆಫ್ಟ್ ರೈಟ್ ಅಂದೆ. ಸತ್ತವರ ಎದುರಿಗೆ ನಾ ಎಂದೂ ಗೆಲ್ಲೂದಿಲ್ಲ. ಅವತ್ತ ಆ ಅಂಗಿ ಹಾಕ್ಕೊಂಡು ಬಾಗಲಕ್ಕ ಬಂದಾಗ ನಿಮ್ಮ ಮಾರಿ ನೋಡಿದೆ. ಅಂಥಾ ನೋಟ ನನಗ ಒಮ್ಮೆನೂ ಸಿಕ್ಕಿಲ್ಲ. ಅವತ್ತ ಸಿಕ್ಕಿದ್ದೂ ನನಗಲ್ಲ."

ಗೆಲ್ಲಲು ಯಾರು ಹೇಳಿದರು ಎನ್ನಬೇಕೆನಿಸಿತು.

ಅನಾವರಣಕ್ಕೆ ತಾನೂ ಬರುವೆನೆಂದ. ಹಿಂದೆ, ಜನರ ನಡುವೆ ನಿಂತು ನೋಡಿ ಹೋಗುವೆನೆಂದ. ಅಲ್ಲಿಯವರೆಗೆ ಕಾಯುತ್ತೇನೆ, ಆಮೇಲೆ ಕೇಳುವುದಿಲ್ಲ. ಆಮೇಲೆ ನೀವು ಆ ಊರಿಗೆ, ಆ ಮೂರ್ತಿಗೆ ಸೇರಿದವರು, ಅಂಥವರನ್ನು ಕೇಳುವ ಧೈರ್ಯ ತನಗಿಲ್ಲ ಎಂದೂ ಹೇಳಿದ. ಲೋಟವನ್ನು ಗಾಡಿಯ ಮೇಲಿಟ್ಟು ಹೊರಟ. ಮಂಜಿನಲ್ಲಿ ಅವನ ಬೆನ್ನು ನೆಟ್ಟಗೇ ಇತ್ತು. ಆ ನೆಟ್ಟಗಿನ ಬೆನ್ನು ನೋಡಿ ಅವಳಿಗೆ ಅಳು ಬಂತು.

*

ಕಲ್ಲಯ್ಯನ ಫೋನು ಬಂದ ಮರುದಿನ ಬೆಳಗಿನ ಬಸ್ಸಿಗೆ ಅತ್ತೆ ಸೊಸೆ ಖಾನಾಪುರಕ್ಕೆ ಹೋದರು. ಮೋಡ ಮುಚ್ಚಿದ ಬೆಳಗು. ಕಲ್ಲಯ್ಯನ ಶೆಡ್ಡಿನೊಳಗೆ ಹಸಿಮಣ್ಣಿನ ತಂಪು. ಒಂದು ಕಡೆ ಬಸವಣ್ಣನವರು, ಮತ್ತೊಂದು ಕಡೆ ಇನ್ನೂ ತಲೆಯಿಲ್ಲದ ಶಿವಾಜಿ ಮಹಾರಾಜರ ಕುದುರೆ, ನಡುವೆ ಒದ್ದೆ ಬಟ್ಟೆ ಸುತ್ತಿ ನಿಲ್ಲಿಸಿದ ಆಳೆತ್ತರದ ಮಣ್ಣು. ಕಲ್ಲಯ್ಯ ಬಟ್ಟೆಯನ್ನು ಮೇಲಿನಿಂದ ಬಿಚ್ಚುತ್ತ ಬಂದ.

ಮುಖ ಓಂಕಾರನದೇ. ಗದ್ದದ ಗುಳಿ, ದಪ್ಪ ಹುಬ್ಬು, ನಗುವಿಗೆ ಸ್ವಲ್ಪ ಮೊದಲು ನಿಂತಂತಿದ್ದ ತುಟಿ. ಕಲ್ಲಯ್ಯ ಕಾಶವ್ವನನ್ನು ಒಂದು ಹಲಗೆಯ ಮೇಲೆ ಹತ್ತಿಸಿ, ಅವಳ ಕೈ ಹಿಡಿದು ಮೂರ್ತಿಯ ಕೆನ್ನೆಗೆ ಮುಟ್ಟಿಸಿದ. ಒಂದು ಕಣ್ಣು ಪೂರ್ತಿ ಮಂಜಾಗಿ, ಇನ್ನೊಂದೂ ಮಸುಕಾದ ಮುದುಕಿ ಬೆರಳಿನಿಂದಲೇ ಮಗನನ್ನು ಓದಿದಳು. ಹಣೆ, ಮೂಗು, ಕಿವಿ. ಅವಳು ಅಳಲಿಲ್ಲ. ಬೆರಳಿಗಂಟಿದ ಮಣ್ಣನ್ನು ಸೆರಗಿಗೆ ಒರೆಸಿಕೊಳ್ಳಲೂ ಇಲ್ಲ.

"ಅವನ ಅದಾನ," ಎಂದಳು. "ಎಲ್ಲಾ ಅವಂದೈತಿ."

ಪೂರ್ಣಿಮಾ ಮುಖ ನೋಡುತ್ತಿರಲಿಲ್ಲ.

ಅವಳು ಹಣೆಯ ಪಕ್ಕಕ್ಕೆ ಎತ್ತಿದ ಬಲಗೈ ನೋಡುತ್ತಿದ್ದಳು. ಬಟ್ಟೆ ಜಾರಿದ ಕೂಡಲೇ ಅವಳ ಕಣ್ಣು ಅಲ್ಲಿಗೇ ಹೋಗಿತ್ತು. ಅಂಗೈ ನೆಲದ ಕಡೆ ಓರೆಯಾಗಿ ಬಾಗಿತ್ತು, ಬಿಸಿಲಿಗೆ ಹಣೆಯ ಮೇಲೆ ನೆರಳು ಹಿಡಿದಂತೆ. ಅದು ಏರ್‌ಫೋರ್ಸಿನ ಸೆಲ್ಯೂಟ್. ಆರ್ಮಿಯವನ ಅಂಗೈ ಹಾಗಿರುವುದಿಲ್ಲ; ಅದು ಪೂರ್ತಿ ತೆರೆದು ಎದುರಿನವನಿಗೆ ಕಾಣುವಂತೆ ನಿಲ್ಲುತ್ತದೆ. ಸಾಂಬ್ರಾದಲ್ಲಿ ಅಜಿತಕುಮಾರನ ಕೊನೆಯ ಪರೇಡಿಗೆ ಅವಳು ಹೋಗಿದ್ದಳು. ತಾನು ಸೇರಿದ ಹೊಸತರಲ್ಲಿ ನಮ್ಮದೂ ಆರ್ಮಿಯಂತೆಯೇ ಇತ್ತು, ಆಮೇಲೆ ಆದೇಶ ಬಂದು ಬದಲಾಯಿತು, ವಾರಗಟ್ಟಲೆ ಕನ್ನಡಿಯ ಮುಂದೆ ನಿಂತು ಕೈಗೆ ಹೊಸ ಚಾಳಿ ಕಲಿಸಿದೆ ಎಂದು ಅಂದು ಅವನೇ ಹೇಳಿದ್ದ. ಅದನ್ನೇ ಸಾವಿರಾರು ಹುಡುಗರಿಗೆ ಕಲಿಸಿದವನು. ಇಲ್ಲಿ ಓಂಕಾರನ ಅಂಗಿ ತೊಟ್ಟು ನಿಂತಾಗಲೂ ಕೈ ತನಗೆ ಗೊತ್ತಿದ್ದ ದಾರಿಯಲ್ಲೇ ಏರಿತ್ತು. ಅವನಿಗದು ತಿಳಿದೂ ಇರಲಾರದು. ಕಲ್ಲಯ್ಯ ಕಂಡದ್ದನ್ನು ಕಂಡಂತೆ ಮಾಡಿದ್ದ. ಉಳಿದ ಬೆರಳುಗಳಿಗೆ ಪೂರ್ತಿ ಅಂಟದೆ ಕೂದಲೆಳೆಯಷ್ಟು ದೂರ ಉಳಿಯುವ ಕಿರುಬೆರಳನ್ನೂ ಬಿಟ್ಟಿರಲಿಲ್ಲ.

ಗಂಡನ ಮೈಗೆ ಅಜಿತಕುಮಾರನ ಕೈ.

ಅವಳಿಗೆ ಆ ಕೈಯನ್ನು ಹಿಡಿಯಬೇಕೆನಿಸಿತು. ಅಷ್ಟು ಸ್ಪಷ್ಟವಾಗಿ, ಅಷ್ಟು ನಾಚಿಕೆಯಿಲ್ಲದೆ. ಒಂದು ಗಳಿಗೆ, ಹೀಗೇ ಇರಲಿ ಬಿಡು ಎಂದೂ ಅಂದುಕೊಂಡಳು. ಊರಿನ ಮುಂದೆ, ಬಿಸಿಲಲ್ಲಿ ಮಳೆಯಲ್ಲಿ, ಯಾರಿಗೂ ಗೊತ್ತಾಗದೆ ಅವನೂ ಅಲ್ಲೇ ನಿಂತಿರಲಿ. ಅವಳು ವರ್ಷಕ್ಕೊಮ್ಮೆ ಹೋಗಿ ಮಾಲೆ ಹಾಕಿ ಬರಲಿ. ಅಷ್ಟೇ ಸಾಕಲ್ಲವೆ ಒಂದು ಜನ್ಮಕ್ಕೆ.

"ಏನರ ತಿದ್ದೂದೈತೇನ್ರಿ ಅಕ್ಕಾರ?" ಕಲ್ಲಯ್ಯ ಕೇಳುತ್ತಿದ್ದ.

ಕಾಶವ್ವ ಏನೂ ಇಲ್ಲ ಎಂದು ತಲೆಯಾಡಿಸುತ್ತಿದ್ದಳು. ಪೂರ್ಣಿಮಾ ಮೊದಲ ಸಲ ಮುಖದ ಕಡೆ ನೋಡಿದಳು. ಓಂಕಾರ ಎದುರಿಗೇ ಇದ್ದ, ಬೇರೊಬ್ಬನ ಕೈ ಹೊತ್ತುಕೊಂಡು.

"ಕೈ ಬದಲಿ ಮಾಡಬೇಕ್ರಿ," ಎಂದಳು. "ಇದು ಆರ್ಮಿ ಸೆಲ್ಯೂಟ್ ಅಲ್ಲ."

ಕಲ್ಲಯ್ಯನಿಗೆ ಅರ್ಥವಾಗಲಿಲ್ಲ. ನಿಂತವರು ಫೌಜಿನವರೇ ಅಲ್ಲವೆ ಎಂದ. ಅವರದು ಬೇರೆ ಫೌಜು ಎಂದು ಹೇಳಿದಳು. ಹಾಗಾದರೆ ಸರಿಯಾದದ್ದು ಹೇಗಿರುತ್ತದೆ, ತೋರಿಸಲು ಯಾರನ್ನಾದರೂ ಕಳಿಸಿ ಎಂದ. ಅವಳು ಯಾರನ್ನೂ ಕಳಿಸಲಿಲ್ಲ. ಚೀಲವನ್ನು ನೆಲದ ಮೇಲಿಟ್ಟು, ಮೂರ್ತಿಯ ಪಕ್ಕದಲ್ಲಿ ನಿಂತು, ತನ್ನ ಬಲಗೈ ಎತ್ತಿದಳು.

ಇದೇ ಖಾನಾಪುರದ ರೈಲು ನಿಲ್ದಾಣದಲ್ಲಿ, ರಜೆ ಮುಗಿಸಿ ಹೊರಡುವಾಗಲೆಲ್ಲ ಓಂಕಾರ ಬೋಗಿಯ ಬಾಗಿಲಲ್ಲಿ ನಿಂತು ಅವಳಿಗೆ ಸೆಲ್ಯೂಟ್ ಹೊಡೆಯುತ್ತಿದ್ದ. ಟಾಟಾ ಮಾಡುವುದು ಏರ್‌ಫೋರ್ಸಿನವರ ಕೆಲಸ, ನಮ್ಮದು ಇಷ್ಟೇ ಎನ್ನುತ್ತಿದ್ದ. ಮಂದಿ ನೋಡುತ್ತಾರೆ, ಸಾಕು ಎಂದು ಅವಳು ಬೈದರೂ ಕೈ ಇಳಿಯುತ್ತಿರಲಿಲ್ಲ. ರೈಲು ದೂರವಾದಷ್ಟೂ ಆ ತೆರೆದ ಅಂಗೈ ಸಣ್ಣದಾಗುತ್ತ, ಕೊನೆಗೆ ಬಿಳಿ ಚುಕ್ಕೆಯಾಗುತ್ತಿತ್ತು. ಎಷ್ಟು ಸಲ ನೋಡಿದ್ದಳು. ಮರೆತಿದ್ದೇನೆ ಎಂದು ಎಷ್ಟು ಹೆದರಿದ್ದಳು. ಮರೆತಿರಲಿಲ್ಲ. ಮೊಣಕೈ ಎಷ್ಟು ಹೊರಗೆ, ಬೆರಳ ತುದಿ ಹುಬ್ಬಿನಿಂದ ಎಷ್ಟು ದೂರ, ಎಲ್ಲವನ್ನೂ ಅವಳ ಕೈ ಬಲ್ಲದು. ಓಂಕಾರ ಅಲ್ಲಿ ಪೂರ್ತಿಯಾಗಿ ಇದ್ದ. ಯಾರ ಜೊತೆಯೂ ಅಳೆದು ನೋಡಿ ಉಳಿಸಿಕೊಳ್ಳಬೇಕಾದವನಾಗಿರಲಿಲ್ಲ ಅವನು.

ಒಳಗೆ ತಂತಿ ಇದೆ, ತಿರುಗುತ್ತದೆ ಎನ್ನುತ್ತ ಕಲ್ಲಯ್ಯ ಮೂರ್ತಿಯ ಮಣಿಕಟ್ಟಿಗೆ ನೀರು ಚಿಮುಕಿಸಿ ಮೆಲ್ಲಗೆ ತಿರುಗಿಸಿದ. ಮಣ್ಣು ಬಿರಿಯಿತು. ಓರೆ ಅಂಗೈ ಎದುರಿಗೆ ತೆರೆದುಕೊಂಡಿತು. ಕಿರುಬೆರಳನ್ನು ಉಳಿದವುಗಳಿಗೆ ಒತ್ತಿ ಸೇರಿಸಿದ. ಅವಳು ನೋಡುತ್ತಲೇ ನಿಂತಿದ್ದಳು. ಎತ್ತಿದ ಕೈಯ ಹೆಗಲು ಸೋತಿತ್ತು. ಬಿರುಕುಗಳಿಗೆ ಹೊಸ ಮಣ್ಣು ಮೆತ್ತಿ, ಹೆಬ್ಬೆರಳಿನಿಂದ ಸವರಿ ಕಲ್ಲಯ್ಯ ಸಾಕು ಎನ್ನುವವರೆಗೂ ಅವಳು ಕೈ ಇಳಿಸಲಿಲ್ಲ.

*

ತಿರುಗಿ ಬರುವ ಬಸ್ಸಿನಲ್ಲಿ ಕಾಶವ್ವ ಕಿಟಕಿಯ ಕಡೆ ಕೂತಳು. ದಾರಿಯುದ್ದಕ್ಕೂ ಬೂದಿಬಣ್ಣದ ಆಕಾಶ. ಮುದುಕಿಯ ಬೆರಳುಗಳಲ್ಲಿ ಮಣ್ಣು ಒಣಗಿ ಬಿರುಕು ಬಿಟ್ಟಿತ್ತು. ಸುಮಾರು ದೂರ ಬಂದ ಮೇಲೆ ಅವಳು ಕೇಳಿದಳು.

"ಅದು ಆ ಮಾಸ್ತರ ಕೈ ಇತ್ತೇನು?"

"ಹೂಂ ಅತ್ತಿ. ಅವ್ರ ನಿಂತಿದ್ರಲ್ಲ, ಅದಕ್ಕ..."

"ಅದು ಗೊತ್ತೈತಿ." ಕಾಶವ್ವ ಕಿಟಕಿಯಿಂದ ಈಚೆ ತಿರುಗಲಿಲ್ಲ. "ನನಗ ಕಣ್ಣಿಲ್ಲ, ನಾ ಮಾರಿ ಮುಟ್ಟಿ ಮಗನ್ನ ಕಂಡೆ. ನಿನಗ ಎರಡೂ ಕಣ್ಣದಾವು. ಅವನ ಮಾರಿ ಎದುರಿಗಿತ್ತು. ನೀ ಕೈ ನೋಡಿದಿ."

ಪೂರ್ಣಿಮಾ ಚೀಲವನ್ನು ತೊಡೆಯ ಮೇಲೆಳೆದುಕೊಂಡಳು. ಅಲ್ಲ ಎನ್ನಲು ಬಾಯಿ ತೆರೆದರೆ ಸುಳ್ಳಾಗುತ್ತಿತ್ತು. ಮುದುಕಿಯ ದನಿಯಲ್ಲಿ ಬೈಗುಳವಿರಲಿಲ್ಲ, ಒಪ್ಪಿಗೆಯಂತೂ ಇರಲಿಲ್ಲ. ಅವಳು ಕಂಡದ್ದನ್ನು ಹೇಳಿದ್ದಳು, ಅಷ್ಟೇ. ಆಮೇಲೆ ಸೆರಗನ್ನು ತಲೆಗೆ ಹೊದ್ದುಕೊಂಡಳು. ಮಗ ಹೋದ ಮೇಲೆ ಗೌರೀಶನ ಮನೆ ಬಿಟ್ಟು ಈ ಸೊಸೆಯ ಜೊತೆಗೇ ಇರುತ್ತೇನೆಂದು ಬಂದವಳು. ತಾನು ಅಜಿತಕುಮಾರನಿಗೆ ಹೂಂ ಅಂದರೆ ಆ ಗಂಟುಮೂಟೆ ತಿರುಗಿ ಊರಿಗೆ ಹೋಗಬಹುದು. ಧಾರವಾಡದಲ್ಲಿ ಓದುತ್ತಿರುವ ಮಗಳು ಸಮೃದ್ಧಿ ಫೋನಿನಲ್ಲಿ ಎಷ್ಟು ದಿನ ಮಾತು ಬಿಡುತ್ತಾಳೋ. ಊರ ಹೆಂಗಸರು, ಗೌರೀಶ, ಜೈನರ ಮನೆಯವರು. ಎಲ್ಲರ ಮುಖಗಳೂ ಒಂದೊಂದಾಗಿ ಅವಳ ಮುಂದೆ ಬಂದು ಹೋದವು. ಯಾವ ಮುಖವೂ ನಗುತ್ತಿರಲಿಲ್ಲ.

ಬಸ್ಸು ಪೀರನವಾಡಿಯಲ್ಲಿ ನಿಂತಿತು. ರಸ್ತೆಯಾಚೆಯ ಬಯಲಿನಲ್ಲಿ ಅಕಾಡೆಮಿಯ ಹುಡುಗರು ಸುತ್ತು ಓಡುತ್ತಿದ್ದರು. ನಡುವೆ ಅಜಿತಕುಮಾರ ನಿಂತಿದ್ದ, ಬಣ್ಣಗೆಟ್ಟ ಟ್ರ್ಯಾಕ್ ಪ್ಯಾಂಟು, ಮಂಕಿ ಟೋಪಿ. ಯಾರದೋ ಬೂಟಿನ ದಾರ ಬಿಚ್ಚಿದ್ದನ್ನು ಕಂಡು ಕೈ ಮಾಡಿ ತೋರಿಸುತ್ತಿದ್ದ. ಹಸಿರೂ ಇರಲಿಲ್ಲ, ನೀಲಿಯೂ ಇರಲಿಲ್ಲ. ಚಳಿಗೆ ಭುಜ ಕುಗ್ಗಿಸಿಕೊಂಡ, ನಡುವಯಸ್ಸು ದಾಟುತ್ತಿರುವ ಒಬ್ಬ ಗಂಡಸು. ಅವನನ್ನು ಅವಳು ಯಾರ 'ಬಾಜು'ವಿಗೂ ಇಡದೆ ನೋಡಿದಳು. ಬಸ್ಸಿನ ಕಡೆ ಅವನು ತಿರುಗಲಿಲ್ಲ.

ಕಂಡಕ್ಟರ್ ಸೀಟಿ ಊದಿದ. ಅವಳು ಇಳಿಯಲಿಲ್ಲ.

ಅನಾವರಣದ ದಿನ ನಡುವಿನ ಕುರ್ಚಿಯಲ್ಲಿ ಅತ್ತೆಯನ್ನು ಕೂರಿಸಬೇಕು. ಮಗನನ್ನು ಕೈಯಿಂದ ಮುಟ್ಟಿ ಗುರುತಿಸಿದವಳಿಗೇ ಆ ಕುರ್ಚಿ. ಗೌರೀಶ ಮೈಕಿನಲ್ಲಿ ಹೆಸರು ಕೂಗಿದಾಗ ತಾನು ವೇದಿಕೆಯ ಮೆಟ್ಟಿಲು ಹತ್ತಬಾರದು. ಎಲ್ಲರೂ ನೋಡುತ್ತಿರುವಾಗಲೇ ಜನರ ನಡುವಿನಿಂದ ಹಿಂದಕ್ಕೆ ನಡೆದು, ಅಜಿತಕುಮಾರ ನಿಂತಲ್ಲಿಗೆ ಹೋಗಿ, ಅವನ ಪಕ್ಕದಲ್ಲಿ ನಿಲ್ಲಬೇಕು. ಅಲ್ಲಿಂದ ಓಂಕಾರನನ್ನು ಕಣ್ತುಂಬ ನೋಡಬೇಕು. ಇದನ್ನು ಅಜಿತಕುಮಾರನಿಗೂ ಮುಂಚಿತವಾಗಿ ಹೇಳುವುದಿಲ್ಲ. ಹೇಳಿದರೆ ಬೇಡ ಎನ್ನುವಷ್ಟು ಒಳ್ಳೆಯವನು ಅವನು.

ಬಸ್ಸು ಬೆಳಗಾವಿಯೊಳಗೆ ನುಗ್ಗಿತು. ಯಾಕೆ ಸುಮ್ಮನಾದೆ ಎಂದು ಕಾಶವ್ವ ಕೇಳಿದಳು. ಚಳಿ ಎಂದಳು ಪೂರ್ಣಿಮಾ, ಮುದುಕಿಯ ಮೇಲಿಂದ ಕೈ ಚಾಚಿ ಕಿಟಕಿಯ ಗಾಜು ಎಳೆದಳು.